ಬಚ್ಚಲಿನ ಹಿಡಿಕೆಗೆ ಮೂರು ಜನ

ತಪ್ಪು ಕಲ್ಪನೆ: ವಯಸ್ಸಾದವರಿಗೆ ಮನೆಯಲ್ಲಿ ನೆರವಾಗುವ ಸಾಧನ ರೂಪಿಸುವುದು ಎಂಜಿನಿಯರ್‌ಗಳ ಕೆಲಸ, ಬೇಕಿದ್ದರೆ ಒಬ್ಬ ಡಾಕ್ಟರನ್ನು ಕೇಳಿದರಾಯಿತು.

ವಾಸ್ತವ: ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾರಾ ಸ್ಯಾಂಟನ್ ರೂಪಿಸಿದ ‘ಕೇಪಬಲ್’ ಕಾರ್ಯಕ್ರಮವನ್ನೇ ನೋಡಿ. ನರ್ಸ್ ಆಗಿ ರೋಗಿಗಳ ಮನೆಗೆ ಹೋಗುತ್ತಿದ್ದ ಅವರಿಗೆ, ಕಾಯಿಲೆಯಷ್ಟೇ ಮನೆಯೂ ಆ ರೋಗಿಗಳನ್ನು ಕಾಡುತ್ತಿರುವುದು ಕಂಡಿತು. ಹೀಗಾಗಿ ತಂಡಕ್ಕೆ ಮೂವರು ಬಂದರು: ನರ್ಸ್, ನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್, ಮನೆ ರಿಪೇರಿ ಮಾಡುವವರು. ನಾಲ್ಕೈದು ತಿಂಗಳಲ್ಲಿ ನರ್ಸ್ 4 ಸಲ, ಥೆರಪಿಸ್ಟ್ 6 ಸಲ ಮನೆಗೆ ಬರುತ್ತಾರೆ. ಏನು ಸಾಧ್ಯವಾಗಬೇಕು ಎಂಬುದನ್ನು ತೀರ್ಮಾನಿಸುವವರು ಮನೆಯ ಹಿರಿಯರೇ. ‘ನನ್ನ ಸ್ನಾನ ನಾನೇ ಮಾಡಬೇಕು’ ಎಂದು ಅಜ್ಜಿ ಅಂದರೆ, ತಲೆಸುತ್ತು ತರುವ ಮಾತ್ರೆ ಇದೆಯೇ ಎಂದು ನರ್ಸ್ ನೋಡುತ್ತಾರೆ. ಆಕೆ ತೊಟ್ಟಿಗೆ ಹೇಗೆ ಕಾಲಿಡುತ್ತಾರೆಂದು ಥೆರಪಿಸ್ಟ್ ಗಮನಿಸುತ್ತಾರೆ. ಹಿಡಿಕೆಯನ್ನು ಗೋಡೆಗೆ ಕೂರಿಸುವುದು ರಿಪೇರಿಯವರ ಪಾಲು. ತಲೆಸುತ್ತು ನಿಲ್ಲದೆ ಹಿಡಿಕೆಯಷ್ಟೇ ಬಂದರೆ ಅಜ್ಜಿ ಬೀಳುವ ಅಪಾಯ ತಪ್ಪುವುದಿಲ್ಲ. 300 ಜನರನ್ನು ಒಳಗೊಂಡು, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ನೆರವು ಪಡೆದವರಿಗೆ ಐದು ತಿಂಗಳ ಬಳಿಕ ನಿತ್ಯದ ಕೆಲಸಗಳಲ್ಲಿದ್ದ ತೊಡಕು ಪಡೆಯದವರಿಗಿಂತ ಶೇ. 30ರಷ್ಟು ಕಡಿಮೆಯಿತ್ತು. ರಿಪೇರಿಯವರನ್ನು ನರ್ಸ್‌ಗೆ ಸರಿಸಮವಾಗಿ ಕೂರಿಸಿದ್ದೇ ಇದರ ದೊಡ್ಡತನ ಎಂದು ನನಗನ್ನಿಸುತ್ತದೆ.

ತಪ್ಪು ಕಲ್ಪನೆ: ಸಾಧನವೆಂದರೆ ಸೆನ್ಸರ್, ರೋಬಾಟ್.

ವಾಸ್ತವ: ಮೆಟ್ಟಿಲಿನ ಎರಡನೇ ಬದಿಗೊಂದು ಕಂಬಿ, ಎತ್ತರಿಸಿದ ಕಮೋಡ್ ಸೀಟು, ಬೆಳಕು ಚೆನ್ನಾಗಿರುವ ಬಲ್ಬು. ಇವೂ ಸಾಧನಗಳೇ.

ತಪ್ಪು ಕಲ್ಪನೆ: ಯಂತ್ರ ಚೆನ್ನಾಗಿದ್ದರೆ ಜನ ಬಳಸಿಯೇ ಬಳಸುತ್ತಾರೆ.

ವಾಸ್ತವ: ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದವರ ಬಗ್ಗೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನವಿದೆ. ಒಬ್ಬರೇ ಇದ್ದಾಗ ಬಿದ್ದು ಏಳಲಾಗದವರಲ್ಲಿ ಹೆಚ್ಚಿನವರು, ಸಹಾಯ ಕರೆಯುವ ಗುಂಡಿಯಿದ್ದರೂ ಒತ್ತಿರಲಿಲ್ಲ. ಗುಂಡಿ ಕೆಟ್ಟಿರಲಿಲ್ಲ. ಕೆಲವರು ಅದನ್ನು ಧರಿಸಿಯೇ ಇರಲಿಲ್ಲ, ಕೆಲವರಿಗೆ ತಾವೇ ಏಳುತ್ತೇವೆಂಬ ಛಲ. ಇಂಥದ್ದು ಸರ್ಕ್ಯೂಟ್ ಬಲ್ಲವರ ಕಣ್ಣಿಗೆ ಬೀಳುವುದಿಲ್ಲ. ಹಿರಿಯರ ಜೊತೆ ಕೂತು ಮಾತಾಡುವವರಿಗೆ ತಿಳಿಯುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಸುಮಿ ಹೆಲಾಲ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್ ವಿಲಿಯಂ ಮನ್ ಜೊತೆಗೂಡಿ ಕಟ್ಟಿದ ‘ಗೇಟರ್ ಟೆಕ್’ ಮನೆಯಲ್ಲಿ ಸೆನ್ಸರ್‌ಗಳು ನೆಲದಡಿಗೆ ಹೋದವು. ಅಲ್ಲಿ ಮೈಮೇಲೆ ಯಾವ ಸಾಧನವನ್ನೂ ಧರಿಸಬೇಕಿರಲಿಲ್ಲ.

ನಿಮ್ಮ ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸುವುದಿದ್ದರೆ, ಗೋಡೆ ಕೊರೆಯುವ ಮುನ್ನ ಅಮ್ಮನನ್ನು ಅಲ್ಲಿ ನಿಲ್ಲಿಸಿ. ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಆ ಜಾಗವನ್ನು ಪ್ಲಂಬರ್‌ಗೆ ತೋರಿಸಿ.