ಹೊಸ ಮೀನಿನ ತೊಟ್ಟಿಯೂ ದಿಲ್ಲಿಯ ನೀರೂ

ಗಾಜಿನ ತೊಟ್ಟಿಯೊಂದನ್ನು ಹೊಸದಾಗಿ ಕೊಂಡು ತಂದು, ನಾಲ್ಕಾರು ಬಣ್ಣದ ಮೀನುಗಳನ್ನು ಬಿಟ್ಟುಕೊಂಡ ಗೃಹಸ್ಥರೆಲ್ಲರ ದೂರೂ ಬಹುಮಟ್ಟಿಗೆ ಒಂದೇ. ಮೊದಲ ವಾರ ಸ್ಫಟಿಕದಂತಿದ್ದ ನೀರು ಎರಡನೆಯ ವಾರ ಮಬ್ಬಾಗುತ್ತದೆ. ಬಳಿಕ ಗಾಜಿನ ಮೇಲೆ ಕಂದು ಧೂಳಿನಂತಹ ಪೊರೆ. ಅದರ ಬೆನ್ನಿಗೇ ಹಸುರು ಪಾಚಿ. ರಜೆಯ ದಿನ ಮನೆಯವರೆಲ್ಲ ಸೇರಿ ನೀರನ್ನೆಲ್ಲ ಚೆಲ್ಲಿ, ಮರಳನ್ನು ತೊಳೆದು, ಗಾಜನ್ನು ಸಾಬೂನಿನಿಂದ ತಿಕ್ಕಿ, ನಲ್ಲಿಯ ನೀರನ್ನು ತುಂಬುತ್ತಾರೆ. ಎರಡು ಮೂರು ದಿನಗಳಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ, ಮಕ್ಕಳು ಅಳುತ್ತಾರೆ, ದೋಷವನ್ನು ಪಾಚಿಯ ತಲೆಗೆ ಕಟ್ಟಲಾಗುತ್ತದೆ.

ಪಾಚಿ ಇಲ್ಲಿ ಬಹುಪಾಲು ನಿರಪರಾಧಿಯೆಂದೇ ನಾವು ಹೇಳುತ್ತೇವೆ. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ನೆರೆಯುವ ಮೀನುಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹೊಳೆಯ ಕಲ್ಲಿನ ಮೇಲಿನ ಪಾಚಿಯಿಂದ ಅವಕ್ಕೇನೂ ಕೇಡಿಲ್ಲ. ಹರಿಯುವ ಹೊಳೆ ಅವುಗಳ ಹೊಲಸನ್ನು ಕೊಂಡೊಯ್ಯುತ್ತದೆ. ಕರೋಲ್‌ಬಾಗಿನ ಎರಡು ಕೋಣೆಯ ಮನೆಯ ತೊಟ್ಟಿಗೆ ಆ ಭಾಗ್ಯವೆಲ್ಲಿ? ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ಹೊರಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅದೇ ಆಗುತ್ತದೆ. ಕಣ್ಣಿಗೆ ಕಾಣದ ಈ ವಿಷವೇ ಹೊಸ ತೊಟ್ಟಿಯ ನಿಜವಾದ ಶತ್ರು.

ಇದನ್ನು ಪರಿಹರಿಸತಕ್ಕವು ಒಂದು ಬಗೆಯ ಸೂಕ್ಷ್ಮಾಣುಗಳು. ರಷ್ಯದ ವಿಜ್ಞಾನಿ ವಿನೋಗ್ರಾದ್‌ಸ್ಕಿ 1890ರ ಸುಮಾರಿಗೆ ಇವುಗಳ ಕಾರ್ಯವನ್ನು ತೋರಿಸಿಕೊಟ್ಟನು. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟನ್ನಾಗಿ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಅದನ್ನು ನೈಟ್ರೇಟನ್ನಾಗಿ ಮಾಡುತ್ತದೆ. ಅದರ ಬಾಧೆ ಬಹಳ ಕಡಿಮೆ. ಮರಳಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೋಟೆಲಿನಲ್ಲಿ ದುಡಿಯುವ ನಮ್ಮ ವಾಚಕರಿಗೆ ಹೆಪ್ಪಿನ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಹಾಲಿಗೆ ಮೊಸರಿನ ಹನಿ ಹೇಗೋ, ಹೊಸ ತೊಟ್ಟಿಗೆ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಹಾಗೆ. ಗೆಳೆಯರ ಆರೋಗ್ಯವಾದ ತೊಟ್ಟಿಯಿಂದ ಅದನ್ನು ಬೇಡಿ ತರಲು ಸಂಕೋಚಬೇಡ. ಎಲ್ಲವನ್ನೂ ತೊಳೆದವರು ಕೂಡಿಬಂದ ಹೆಪ್ಪನ್ನೇ ಚರಂಡಿಗೆ ಚೆಲ್ಲಿದಂತಾಯಿತು. ಸ್ಪಂಜು ಕಟ್ಟಿಕೊಂಡರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ನಲ್ಲಿಯ ಕ್ಲೋರಿನ್ ಈ ಜೀವಿಗಳನ್ನು ಕೊಲ್ಲುತ್ತದೆ.

ಈ ನಲ್ಲಿಯ ನೀರಿನ ವಿಚಾರವನ್ನು ದಿಲ್ಲಿಯವರು ವಿಶೇಷವಾಗಿ ತಿಳಿಯಬೇಕು. ಬಕೆಟ್ಟಿನಲ್ಲಿ ಹಿಡಿದು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆಂಬುದು ರೂಢಿಯ ಮಾತು. ಬಿಡಿಯಾದ ಕ್ಲೋರಿನ್ನಿಗೆ ಅದು ಸರಿಯೇ. ಆದರೆ ಚಳಿಗಾಲದಲ್ಲಿ ಯಮುನೆಯ ಹರಿವು ಸಣ್ಣದಾಗಿ, ಮೇಲ್ದಂಡೆಯ ಊರುಗಳ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ, ವಜೀರಾಬಾದಿನ ಬಳಿ ಅಮೋನಿಯಾ ಏರುತ್ತದೆ. ಲೀಟರಿಗೆ ಸುಮಾರು 1 ಮಿಲಿಗ್ರಾಂ ದಾಟಿತೆಂದರೆ ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಕೇಂದ್ರಗಳು ಉತ್ಪಾದನೆಯನ್ನೇ ಕುಗ್ಗಿಸಬೇಕಾಗಿ ಬಂದದ್ದುಂಟು. ಅಮೋನಿಯಾದೊಡನೆ ಕೂಡಿದ ಕ್ಲೋರಿನ್ ಕ್ಲೋರಮೈನ್ ಆಗುತ್ತದೆ. ಅದು ರಾತ್ರಿ ಕಳೆದ ಮಾತ್ರಕ್ಕೆ ಹೋಗದು. ಮೀನಿನಂಗಡಿಯ ಆಂಟಿ-ಕ್ಲೋರಿನ್ ದ್ರವವನ್ನು ಶೀಶೆಯ ಮೇಲಿನ ಅಳತೆಯಂತೆ ಹಾಕಬೇಕು. ಸಾಮಾನ್ಯ ದ್ರವ ಕ್ಲೋರಮೈನನ್ನು ಒಡೆದರೂ ಅಮೋನಿಯಾ ಉಳಿಯುವುದರಿಂದ, ಅಂತಹ ದಿನಗಳಲ್ಲಿ ನೀರನ್ನು ಸ್ವಲ್ಪವೇ ಬದಲಿಸುವುದು ಲೇಸು. ಉಳಿದ ಕಾಲದಲ್ಲಿ ವಾರಕ್ಕೆ ಐದರಲ್ಲೊಂದು ಪಾಲು ಸಾಕು. ಆರ್‌ಒ ಯಂತ್ರದ ನೀರನ್ನೇ ತುಂಬುವವರೂ ಇದ್ದಾರೆ. ಅದರಲ್ಲಿ ಲವಣಗಳು ತೀರ ಕಡಿಮೆ; ಗುಡಗಾಂವ್, ನೋಯಿಡಾಗಳ ಗಡುಸಾದ ಬೋರ್‌ವೆಲ್ ನೀರಿಗೆ ಬೆರೆಸಲು ಮಾತ್ರ ಅದು ಒಳ್ಳೆಯದು.

ಇನ್ನು ಪಾಚಿ. ಕಂದು ಪೊರೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳದು. ತೊಟ್ಟಿ ಹಳೆಯದಾದಂತೆ ಸಾಮಾನ್ಯವಾಗಿ ತಾನೇ ಅಡಗುತ್ತದೆ. ಹಸುರಿಗೆ ಬೆಳಕೂ ಗೊಬ್ಬರವೂ ಬೇಕು. ಆದುದರಿಂದ ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ಸರಿಸಿ, ದೀಪವನ್ನು ದಿನಕ್ಕೆ ಆರೆಂಟು ಗಂಟೆಗೆ ಮಿತಗೊಳಿಸಿ, ಮೀನುಗಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಅತಿಥಿಸತ್ಕಾರದ ನಮ್ಮ ಅಭ್ಯಾಸ ಇಲ್ಲಿ ಸಲ್ಲದು. ನೀರಿನಲ್ಲಿ ಬೆಳೆಯುವ ಗಿಡಗಳನ್ನು ನೆಟ್ಟರೆ ಪಾಚಿಯ ಪಾಲಿನ ಗೊಬ್ಬರವನ್ನು ಅವೇ ಕಬಳಿಸುತ್ತವೆ. ಗಾಜಿನ ಮೇಲಿನದನ್ನು ಮೆತ್ತನೆಯ ಸ್ಪಂಜಿನಿಂದ ಒರಸಿರಿ. ಪಾತ್ರೆ ತಿಕ್ಕುವ ತಂತಿಯ ನಾರು ಗಾಜನ್ನು ಗೀರುತ್ತದೆ. ಸಾಬೂನಂತೂ ಹತ್ತಿರ ಸುಳಿಯಬಾರದು.

ದಿಲ್ಲಿಯ ಮೇ, ಜೂನ್ ತಿಂಗಳುಗಳು ಬೇರೆಯೇ ಪರೀಕ್ಷೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 35 ಡಿಗ್ರಿಯದು ಸುಮಾರು 7 ಮಾತ್ರ. ಸೆಕೆ ಏರಿದಂತೆ ಅಮೋನಿಯಾದ ವಿಷವೂ ತೀಕ್ಷ್ಣವಾಗುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಉಸಿರು ಸಾಲದೆಂದು ತಿಳಿಯಬೇಕು. ಕರೆಂಟು ಹೋಗಿ ಗಾಳಿಯ ಪಂಪು ನಿಂತ ರಾತ್ರಿ, ಕಾಫಿಯನ್ನು ಆರಿಸುವಂತೆ, ತೊಟ್ಟಿಯ ನೀರನ್ನೇ ಲೋಟದಲ್ಲಿ ಮೊಗೆದು ಒಂದು ಗೇಣು ಮೇಲಿನಿಂದ ಹತ್ತಾರು ಬಾರಿ ಹೊಯ್ಯಿರಿ; ಕರೆಂಟು ಬರುವವರೆಗೆ ಅರ್ಧ ಗಂಟೆಗೊಮ್ಮೆ ಹೀಗೆ ಮಾಡುತ್ತಿರಿ.