ಜಾಹೀರಾತಿಗೆ ದುಡ್ಡು ಹಾಕೋ ಮೊದಲು ಈ ನಾಲ್ಕು ಉಚಿತ ಟೂಲ್

ಇಳಕಲ್ ಸೀರೆ ಇರಲಿ, ಮನೇಲಿ ಮಾಡಿದ ಚಟ್ನಿಪುಡಿ ಇರಲಿ, ಆನ್‌ಲೈನ್‌ನಲ್ಲಿ ಮಾರಬೇಕಾ? ಜಾಹೀರಾತಿಗೆ ದುಡ್ಡು ಹಾಕೋ ಮೊದಲು ಈ ನಾಲ್ಕನ್ನ ಬಳಸಿ ನೋಡಿ. ನಾಲ್ಕೂ ಉಚಿತ.

ಮೊದಲನೇದು, ಗೂಗಲ್ ಟ್ರೆಂಡ್ಸ್. ನಿಮ್ಮ ವಸ್ತುವನ್ನ ಜನ ಯಾವ ತಿಂಗಳಲ್ಲಿ ಹೆಚ್ಚು ಹುಡುಕ್ತಾರೆ ಅಂತ ಇಲ್ಲಿ ಗೊತ್ತಾಗುತ್ತೆ. ಕರ್ನಾಟಕ ಅಂತ ಆರಿಸಿ, ಐದು ವರ್ಷದ ಗ್ರಾಫ್ ನೋಡಿ. ಒಂದು ಎಚ್ಚರ: ಅಲ್ಲಿ 100 ಅಂದ್ರೆ ನೂರು ಜನ ಅಲ್ಲ. ಆಸಕ್ತಿ ಅತಿ ಹೆಚ್ಚಿದ್ದ ಸಮಯಕ್ಕೆ 100 ಕೊಟ್ಟು, ಉಳಿದದ್ದನ್ನ ಅದಕ್ಕೆ ಹೋಲಿಸಿರ್ತಾರೆ. ಹುಡುಕಾಟ ಏರೋಕೆ ಮುಂಚೆಯೇ ನಿಮ್ಮ ಸ್ಟಾಕ್ ಮತ್ತು ಪೋಸ್ಟ್ ಸಿದ್ಧ ಇರಲಿ.

ಎರಡನೇದು, ಗೂಗಲ್ ಬಿಸಿನೆಸ್ ಪ್ರೊಫೈಲ್. ಗ್ರಾಹಕರು ಬಂದುಹೋಗೋ ಅಂಗಡಿ ಇದ್ದರೆ ಮ್ಯಾಪ್‌ನಲ್ಲಿ ಸೇರಿಸಿ. ಸಮಯ, ಫೋಟೊ ಸರಿಯಾಗಿರಲಿ. ರಿವ್ಯೂ ಬರೆದವರಿಗೆ ಉತ್ತರ ಕೊಡಿ.

ಮೂರನೇದು, 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್. ಬೆಲೆ ಸಮೇತ ಕ್ಯಾಟಲಾಗ್ ಹಾಕಿ. ‘ಹೊಸ ಆರ್ಡರ್’, ‘ಹಣ ಬಾಕಿ’ ಅಂತ ಚಾಟ್‌ಗಳಿಗೆ ಲೇಬಲ್ ಹಚ್ಚಿ. ಯಾವ ಆರ್ಡರೂ ಕೈತಪ್ಪಲ್ಲ.

ನಾಲ್ಕನೇದು, ವೆಬ್‌ಸೈಟ್ ಇರೋರಿಗೆ ಗೂಗಲ್ ಸರ್ಚ್ ಕನ್ಸೋಲ್. ಜನ ಏನಂತ ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸ್ತು, ಎಷ್ಟು ಕ್ಲಿಕ್ ಬಂತು, ಎರಡೂ ಸಿಗುತ್ತೆ. ಸಾವಿರ ಸಲ ಕಾಣಿಸಿ ಹತ್ತೇ ಕ್ಲಿಕ್ ಬಂದಿದ್ರೆ, ಮೊದಲು ಶೀರ್ಷಿಕೆ ತಿದ್ದಿ.

ಕೊನೇ ಮಾತು: ನಂಬರ್‌ಗಳ ಪಟ್ಟಿ ಕೊಂಡು, ಒಪ್ಪಿಗೆ ಇಲ್ಲದೆ ಎಲ್ಲರಿಗೂ ಮೆಸೇಜ್ ಕಳಿಸಬೇಡಿ. ನಿಮ್ಮ ವಾಟ್ಸಾಪ್ ಖಾತೆಯೇ ಬ್ಲಾಕ್ ಆಗಬಹುದು. ಗ್ರಾಹಕರ ನಂಬಿಕೆಯೇ ನಿಮ್ಮ ಬಂಡವಾಳ, ಅದನ್ನ ಕಾಪಾಡಿಕೊಳ್ಳಿ.