ಅಗಾಶಿಯ ಮೇಲೊಂದು ತಾಟು

ಧಾರವಾಡದ ಕಡೆ ಅಗಸಿ ಎಂದರೆ ಊರಬಾಗಿಲು. ಅಹಮದಾಬಾದಿನಲ್ಲಿ ಅಗಾಶಿ ಎಂದರೆ ಮನೆಯ ಮೇಲಿನ ಬಯಲು ಮಾಳಿಗೆ. ಉತ್ತರಾಯಣದ ದಿನ ಊರಿಗೆ ಊರೇ ಗಾಳಿಪಟ ಹಿಡಿದು ಏರುವುದು ಅಲ್ಲಿಗೇ. ಲಾಲ್ ದರ್ವಾಜಾದಲ್ಲಿ, ಸಿದಿ ಸೈಯದ್ ಮಸೀದಿಯ ಎದುರಿಗಿರುವ ‘ಹೌಸ್ ಆಫ್ ಎಂಜಿ’ಯ ಮಾಳಿಗೆಯ ಊಟದ ಮನೆಗೂ ಅದೇ ಹೆಸರು: ಅಗಾಶಿಯೆ.

ಎಂಜಿ ಎಂದರೆ ಮಹಾತ್ಮ ಗಾಂಧಿ ಇರಬೇಕು ಎಂದುಕೊಂಡು ಬರುವವರಿದ್ದಾರೆ. ಅಲ್ಲ, ಮಂಗಳದಾಸ್ ಗಿರಿಧರದಾಸ್. ಅಹಮದಾಬಾದನ್ನು ಪೂರ್ವದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಗಿರಣಿ ಸಾಹುಕಾರರು. 1924ರಲ್ಲಿ ಅವರು ಕಟ್ಟಿಸಿದ ಮನೆ ಇದು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳ್ಳವರು ಸಾಬರಮತಿಯ ಆಚೆ ದಡಕ್ಕೆ ಹೋದರು. ಹಳೆಯ ಪೇಟೆಯ ಎಷ್ಟೋ ಮನೆಗಳು ಗೋದಾಮುಗಳಾದವು. ಇದನ್ನು ಮಾತ್ರ ಅದೇ ಮನೆತನದ ಅಭಯ್ ಮಂಗಳದಾಸ್ ದುರಸ್ತಿ ಮಾಡಿಸಿ ಹೋಟೆಲಾಗಿಸಿದರು. 2017ರಲ್ಲಿ ಯುನೆಸ್ಕೊ ಅಹಮದಾಬಾದಿನ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ನಗರವೆಂದು ಗುರುತಿಸಿತು, ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ. ಬಿರುದಿನಿಂದ ಸೂರಿನ ಸೋರಿಕೆ ನಿಲ್ಲುವುದಿಲ್ಲ. ಅದಕ್ಕೆ ದಿನವೂ ಒಲೆ ಉರಿಯಬೇಕು, ಗಲ್ಲಾಪೆಟ್ಟಿಗೆಗೆ ಒಂದಿಷ್ಟು ಬೀಳಬೇಕು.

ಒಲೆಯ ವಿಷಯಕ್ಕೇ ಬರೋಣ. ಇಲ್ಲಿ ಮೆನು ಕಾರ್ಡು ಹಿಡಿದು ತಲೆಕೆಡಿಸಿಕೊಳ್ಳುವ ಕೆಲಸವಿಲ್ಲ. ಆಯಾ ದಿನದ ಅಡುಗೆ ತಾನಾಗಿಯೇ ತಾಟಿಗೆ ಬರುತ್ತದೆ: ಫರಸಾಣವೆಂಬ ಖಾರದ ತಿಂಡಿ, ಎರಡು ಮೂರು ಶಾಕ್ (ಪಲ್ಯ), ದಾಳ್, ಕಢಿ, ಕೈಗಾತ್ರದ ಫುಲ್ಕಾ, ಬೆಣ್ಣೆ-ಬೆಲ್ಲದ ಜೊತೆ ಸಜ್ಜೆಯ ರೊಟ್ಲೊ, ಕೊನೆಗೆ ಖಿಚಡಿ. ಚಳಿಗಾಲವಾದರೆ ಊಂಧಿಯು. ಅದು ಸೂರತ್ ಕಡೆಯ ಹೆಮ್ಮೆ. ಅವರೆಯಂಥ ಪಾಪಡಿ, ನೇರಳೆ ಬಣ್ಣದ ಗೆಣಸು, ಮೆಂತ್ಯದ ಮುಠಿಯಾ ಉಂಡೆಗಳನ್ನು ಮಡಕೆಗೆ ತುಂಬಿ, ನೆಲದಲ್ಲಿ ಬೋರಲು ಹೂತು ಬೇಯಿಸುತ್ತಿದ್ದರಂತೆ. ಊಂಧು ಎಂದರೆ ತಲೆಕೆಳಗು. ಬೇಸಿಗೆಯಾದರೆ ಆಮ್‌ರಸ್, ಪೂರಿ. ದಾಳ್‌ನಲ್ಲಿ ಬೆಲ್ಲ ಕಂಡು ನಮ್ಮವರು ಮುಖ ಸಿಂಡರಿಸುವುದುಂಟು. ಉಡುಪಿ ಸಾರು ಉಂಡು ಬೆಳೆದವರಿಗೆ ಆ ಹಕ್ಕಿಲ್ಲ! ಸಜ್ಜೆಯ ರೊಟ್ಲೊ ಮುರಿದಾಗಲಂತೂ ವಿಜಯಪುರದವನಿಗೆ ಪರಸ್ಥಳವೆಂಬುದೇ ಮರೆತುಹೋಗುತ್ತದೆ. ಬಡಿಸುವವರಿಗೆ ‘ಬಸ್’ ಎಂಬ ಮಾತು ಮೊದಲ ಸಲಕ್ಕೆ ಕೇಳಿಸುವುದಿಲ್ಲ.

ಕೆಳಗಿಳಿದು ರಸ್ತೆ ದಾಟಿದರೆ ಮಸೀದಿಯ ಕಲ್ಲಿನ ಜಾಲಂದ್ರ. 1573ರ ಕೆಲಸ, ಗುಜರಾತಿನ ಸುಲ್ತಾನಗಿರಿ ಅಕಬರನ ಕೈಗೆ ಹೋಗುವ ಹೊತ್ತಿನದು. ಅದರ ಕಲ್ಲಿನಲ್ಲಿ ಬಳುಕುವ ಮರವೇ ಇಲ್ಲಿನ ಐಐಎಮ್‌ನ ಲಾಂಛನಕ್ಕೂ ಮೂಲ.

ಇಷ್ಟಾದ ಮೇಲೂ ಜೊತೆಗಿದ್ದ ಹುಡುಗರು ಪಿಜ್ಜಾ ಎಂದರೆ ಗಾಬರಿಯಾಗಬೇಡಿ. ಇಟಲಿಯನ್ನು ಈ ಊರು ತನ್ನ ಪಂಕ್ತಿಗೆ ಕೂರಿಸಿಕೊಂಡು ಬಹಳ ಕಾಲವಾಯಿತು. ಈರುಳ್ಳಿ-ಬೆಳ್ಳುಳ್ಳಿ ಮುಟ್ಟದ ‘ಜೈನ್ ಪಿಜ್ಜಾ’ ಕೇಳಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆಟೋ ಹಿಡಿದು ಮಾಣೆಕ್ ಚೌಕಕ್ಕೆ ಹೋದರಾಯಿತು. ಹಗಲು ಚಿನ್ನದ ವ್ಯಾಪಾರ ನಡೆಯುವ ಜಾಗ. ಅಂಗಡಿಗಳ ಬಾಗಿಲು ಬಿದ್ದದ್ದೇ ಬೀದಿ ತುಂಬ ಮೇಜು-ಕುರ್ಚಿ. ಒಬ್ಬ ಅನಾನಸ್ ಸ್ಯಾಂಡ್‌ವಿಚ್ ಮೇಲೆ, ಇನ್ನೊಬ್ಬ ಪಿಜ್ಜಾದ ಮೇಲೆ ಚೀಸ್ ತುರಿಯುತ್ತಲೇ ಇರುತ್ತಾನೆ. ಪಕ್ಕದವನು ದೋಸೆಯ ಮೇಲೂ.